ತಿರುಮಲೇಶರ ಸ್ವಂತ ವಿಮಾನ

ತಿರುಮಲೇಶರು ವಿಮಾನ ಕೊಳ್ಳುವುದೆಂದು ತೀರ್ಮಾನಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಎರಡನೆಯ ಕಾಫಿಯ ಹೊತ್ತಿಗೆ. ಐವತ್ತು ದಾಟಿದ ಗೃಹಸ್ಥರೊಬ್ಬರು ಇಂಥ ತೀರ್ಮಾನಕ್ಕೆ ಬರಬೇಕಾದರೆ ಹಿಂದೆ ಏನೋ ಘನವಾದ ಕಾರಣ ಇದ್ದಿರಬೇಕೆಂದು ಓದುಗರು ಭಾವಿಸಬಹುದು. ಇರಲಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ಬಂದಿತ್ತು, ಅಷ್ಟೆ. ಯಾವುದೋ ದೇಶದ ಹಸಿರು ಬಯಲಿನಲ್ಲಿ ಇವರಷ್ಟೇ ವಯಸ್ಸಿನ, ಇವರಷ್ಟೇ ಹೊಟ್ಟೆಯ ಒಬ್ಬ ಮನುಷ್ಯ ಕೈಯಲ್ಲಿ ರಿಮೋಟ್ ಹಿಡಿದು ಪುಟ್ಟ ವಿಮಾನವೊಂದನ್ನು ಹಾರಿಸುತ್ತಿದ್ದ. ಎಡಕ್ಕೆಂದರೆ ಅದು ಎಡಕ್ಕೆ ಹೋಗುತ್ತಿತ್ತು, ಬಲಕ್ಕೆಂದರೆ ಬಲಕ್ಕೆ. ಹೇಳಿದ ಮಾತು ಕೇಳುವ ಇಂಥ ವಸ್ತು ತಿರುಮಲೇಶರ ಬದುಕಿನಲ್ಲಿ, ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ, ಒಂದೂ ಇರಲಿಲ್ಲ.

ಅವರು ಮುಂಬಯಿಯ ವಿಕ್ರೋಳಿಯಲ್ಲಿನ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದರು. ಕಾರ್ಖಾನೆಗಾಗಿ ಅವರು ಕೊಳ್ಳದ ಸಾಮಾನಿಲ್ಲ. ಬೋಲ್ಟು, ಗ್ರೀಸು, ಸ್ಪ್ರಿಂಗು, ಕಸಬರಿಕೆ ಎಲ್ಲವನ್ನೂ ಕೊಂಡಿದ್ದರು. ತಮಗಾಗಿ ಮಾತ್ರ ಏನನ್ನೂ ಕೊಂಡಿರಲಿಲ್ಲ. ಮೂರು ಕಡೆ ದರ ವಿಚಾರಿಸದೆ ಕೊತ್ತಂಬರಿ ಸೊಪ್ಪನ್ನೂ ಮನೆಗೆ ತಾರದ ಮನುಷ್ಯ ಅಂದು ಕಾಫಿಲೋಟ ಕೆಳಗಿಟ್ಟು ಹೆಂಡತಿಗೆ ಹೇಳಿದರು:

"ವಿಮಲಾ, ನಾನೊಂದು ವಿಮಾನ ತಗೋತೀನಿ. ರಿಮೋಟ್‌ದು."

ವಿಮಲಾ ಬ್ಯಾಂಕಿನಲ್ಲಿದ್ದವರು. ಎದುರಿಗೆ ಕೂತವರ ಮನಸ್ಸಿನಲ್ಲಿ ಏನಿದೆಯೆಂದು ಅರ್ಜಿ ತುಂಬುವ ಮೊದಲೇ ಅವರಿಗೆ ತಿಳಿಯುತ್ತಿತ್ತು. "ತಗೊಳ್ಳಿ," ಎಂದರು. "ಬಿಳಿದು ಮಾತ್ರ ಬೇಡ, ಧೂಳು ಎದ್ದು ಕಾಣುತ್ತೆ."

ಇಷ್ಟು ಸಲೀಸಾಗಿ ಮುಗಿಯಬೇಕಾದ ವಿಷಯ ಕೆಟ್ಟಿದ್ದು ಬಾಲ್ಕನಿಯಲ್ಲಿ.

ಘಾಟ್ಕೋಪರಿನಲ್ಲಿ ಇವರ ಬಿಲ್ಡಿಂಗು ಇರುವುದು ವಿಮಾನಗಳು ಇಳಿಯುವ ದಾರಿಯ ನೇರ ಕೆಳಗೆ. ಅಲ್ಲಿನವರು ಮಾತಿನ ನಡುವೆ ಬಾಯಿ ತೆರೆದುಕೊಂಡೇ ನಿಲ್ಲುವುದನ್ನು ಹೊಸಬರು ನೋಡಿದರೆ ಗಾಬರಿಯಾಗುತ್ತಾರೆ. ವಿಮಾನ ದಾಟಿಹೋದ ಮೇಲೆ ಅದೇ ಅಕ್ಷರದಿಂದ ಮಾತು ಮುಂದುವರಿಯುತ್ತದೆ. ಅಂದು ತಿರುಮಲೇಶರು ಬಾಲ್ಕನಿಯಲ್ಲಿ ನಿಂತು ಮೊಬೈಲಿನಲ್ಲಿ ವಿಮಾನಗಳ ಚಿತ್ರ ನೋಡುತ್ತಿದ್ದರು. ಪಕ್ಕದ ಬಾಲ್ಕನಿಯಲ್ಲಿ ರಾಚವ್ವ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ರಾಚವ್ವ ವಿಜಯಪುರದ ಕಡೆಯವರು. ಮಗ ಸಂಗಪ್ಪ ಒಣದ್ರಾಕ್ಷಿಯ ವ್ಯಾಪಾರಿ.

"ಏನ್ ನೋಡಾಕತ್ತೀಯೋ ತಮ್ಮಾ, ಅಷ್ಟೊತ್ತಿನಿಂದ?" ಎಂದು ರಾಚವ್ವ ಕೇಳಿದರು.

"ವಿಮಾನ ತಗೋಬೇಕು ಅಂತ ಅಜ್ಜಿ, ನೋಡ್ತಾ ಇದ್ದೀನಿ," ಎಂದರು ತಿರುಮಲೇಶರು. "ಅಂದ್ರೆ, ಕೈಯಲ್ಲಿ—"

ತಲೆಯ ಮೇಲೆ ದುಬೈಯಿಂದಲೋ ದಿಲ್ಲಿಯಿಂದಲೋ ಬಂದ ದೊಡ್ಡ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಗುಡುಗುತ್ತ ಹಾದುಹೋಯಿತು. ತಿರುಮಲೇಶರು ಬಾಯಿ ತೆರೆದುಕೊಂಡು ಕಾದರು. ಸದ್ದು ಅಡಗಿದ ಮೇಲೆ "—ರಿಮೋಟ್ ಹಿಡ್ಕೊಂಡು ಹಾರಿಸೋ ಆಟದ ವಿಮಾನ," ಎಂದು ವಾಕ್ಯ ಮುಗಿಸಿದರು. ಆದರೆ ಅಷ್ಟರಲ್ಲಿ ಸಂಡಿಗೆಯ ಹಿಟ್ಟು ಅಲ್ಲೇ ಇತ್ತು, ರಾಚವ್ವ ಇರಲಿಲ್ಲ.

ಐದು ನಿಮಿಷಕ್ಕೆ ಸಂಗಪ್ಪ ಬಾಗಿಲು ಬಡಿದರು. ಮುಖದಲ್ಲಿ ಬಹಳ ದಿನದಿಂದ ಜೊತೆಗಿದ್ದವನು ತನ್ನಿಂದ ಏನೋ ಮುಚ್ಚಿಟ್ಟಿದ್ದಾನೆನ್ನುವ ನೋವಿತ್ತು.

"ವಿಮಾನ ತಗೋಳಾಕತ್ತೀರಂತ? ಒಂದ ಮಾತ ಹೇಳಬಾರದೇನ್ರಿ?"

"ಹೇಳೋ ಅಂಥದ್ದೇನಿದೆ ಸಂಗಪ್ಪ, ಚಿಕ್ಕದು," ಎಂದರು ತಿರುಮಲೇಶರು.

"ಸಣ್ಣದ ಇರವಲ್ದ್ಯಾಕ. ವಿಮಾನ ಅಂದ್ರ ವಿಮಾನನ. ಎಷ್ಟ ಮಂದಿ?"

"ಏನು, ಹಾರಿಸೋದಕ್ಕಾ? ನಾನೊಬ್ನೇ."

"ಅದೂ ಛಲೋನ. ಡ್ರೈವರ್ ಇಟ್ಟರ ತ್ರಾಸ. ಮತ್ತ ಎಲ್ಲಿ ನಿಲ್ಲಸ್ತೀರಿ?"

"ರೆಕ್ಕೆ ಬಿಚ್ಚಿಡಬಹುದು. ಬಿಚ್ಚಿಟ್ರೆ ಏನೂ ಜಾಗ ಬೇಡ."

ಸಂಗಪ್ಪ ಸೋಫಾದ ಮೇಲೆ ನಿಧಾನವಾಗಿ ಕೂತರು. "ರೆಕ್ಕಿ ಬಿಚ್ಚತಾವು! ಪೆಟ್ರೋಲ್ ಭಾಳ ತಿಂತದೇನ್ರಿ?"

"ಪೆಟ್ರೋಲ್ ಎಲ್ಲ ಹಳೇ ಕಾಲದ್ದು. ಈಗ ಬ್ಯಾಟರಿ. ಮನೇಲೇ ಚಾರ್ಜ್ ಮಾಡ್ಕೋಬಹುದು."

"ಖರೇ ಅದ. ರಿಕ್ಷಾನೂ ಈಗ ಬ್ಯಾಟರಿ ಮ್ಯಾಲನ ಓಡಾಕತ್ತಾವ," ಎಂದು ಸಂಗಪ್ಪ ತಲೆದೂಗಿದರು. ತಾವು ಇಷ್ಟು ವರ್ಷ ಇಂಥ ದೊಡ್ಡ ಮನುಷ್ಯನ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದ್ದೇವೆಂಬ ಅಭಿಮಾನ ಅವರ ಕಣ್ಣಲ್ಲಿತ್ತು. ತಿರುಮಲೇಶರು ಅದನ್ನು ವಿಮಾನಗಳ ಬಗ್ಗೆ ಸಂಗಪ್ಪನಿಗಿರುವ ಆಸಕ್ತಿಯೆಂದು ತಿಳಿದು ಖುಷಿಪಟ್ಟರು. ಇಬ್ಬರೂ ಪರಸ್ಪರ ಪೂರ್ತಿ ತೃಪ್ತರಾಗಿ ಬೀಳ್ಕೊಂಡರು.

ಮರುದಿನ ಸಂಜೆ ಸೊಸೈಟಿಯ ಸೆಕ್ರೆಟರಿ ಪರಾಂಜಪೆ ಬಂದರು. ಮಂದಹಾಸವೆಂದರೇನೆಂದು ತಿಳಿಯದ ಮನುಷ್ಯ. ನಿಂತೇ ಕೇಳಿದರು:

"ತಿರುಮಲೇಶ್‌ಜೀ, ಆಪ್ ಕಾ ಪಾರ್ಕಿಂಗ್ ಏಕ್ ಹೀ ಹೈ. ಉಸ್ ಮೇ ಗಾಡಿ ಹೈ. ತೋ ಪ್ಲೇನ್ ಕಿಧರ್ ರಖೇಂಗೆ?"

ವಿಮಾನ ಎಲ್ಲಿಡುತ್ತೀರೆಂಬ ಪ್ರಶ್ನೆಗೆ ತಿರುಮಲೇಶರಿಗೆ ನಗು ಬಂತು. ಸೆಕ್ರೆಟರಿಯವರೂ ತಮಾಷೆ ಮಾಡುವುದನ್ನು ಕಲಿತರಲ್ಲ ಎಂದುಕೊಂಡು, "ಬೆಡ್‌ರೂಮ್ ಮೇ!" ಎಂದರು.

ಪರಾಂಜಪೆಯವರ ಮುಖ ಕೆಂಪಾಯಿತು. "ಮಸ್ಕರಿ ನಕೋ. ಟೆರೇಸ್ ಪರ್ ಲ್ಯಾಂಡಿಂಗ್ ಬಿಲ್ಕುಲ್ ಚಾಲಣಾರ್ ನಾಹೀ. ವಾಟರ್‌ಪ್ರೂಫಿಂಗ್ ಆತ್ತಾಚ್ ಝಾಲಂಯ್. ಮೈ ಜನರಲ್ ಬಾಡಿ ಬುಲಾ ರಹಾ ಹೂಂ."

ಈಗಷ್ಟೇ ಸೋರಿಕೆ ನಿಲ್ಲಿಸಿದ ತಾರಸಿಯ ಮೇಲೆ ವಿಮಾನ ಇಳಿಸಕೂಡದು, ಸಭೆ ಕರೆಯುತ್ತೇನೆ ಎಂದು ಹೇಳಿ ಅವರು ಹೋದ ಮೇಲೂ ತಿರುಮಲೇಶರು ನಗುತ್ತಲೇ ಇದ್ದರು. ವಿಮಲಾ ನಗಲಿಲ್ಲ.

"ರೀ, ಇವರು ತಮಾಷೆ ಮಾಡಿದ್ದಲ್ಲ. ಲಿಫ್ಟಲ್ಲಿ ನನ್ನನ್ನ ಮೂರು ಜನ ಕೇಳಿದ್ರು, ವಿಮಾನ ಯಾವಾಗ ಬರುತ್ತೆ ಅಂತ. ಆಟದ ವಿಮಾನ ಕಣ್ರೀ, ಒಂದು ಡಬ್ಬಿ ಒಳಗೆ ಬರುತ್ತೆ ಅಂದೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಮೇಲೆ ಕೆಳಗಿನ ಮನೆಯವರು ಏನಂದ್ರು ಗೊತ್ತಾ? 'ಹಾಗೇ ಹೇಳ್ಬೇಕು, ಇನ್‌ಕಮ್ ಟ್ಯಾಕ್ಸಿನವರಿಗೆ ಗೊತ್ತಾದ್ರೆ ಕಷ್ಟ' ಅಂದ್ರು!"

ಆಗ ತಿರುಮಲೇಶರಿಗೆ ವಿಷಯ ಹೊಳೆಯಿತು. ಅವರು ತಕ್ಷಣ ಎದ್ದು ಪ್ರತಿ ಮನೆಯ ಬಾಗಿಲು ತಟ್ಟಿ ನಿಜ ತಿಳಿಸುವವರೇ ಇದ್ದರು. ಚಪ್ಪಲಿಯಲ್ಲಿ ಒಂದು ಕಾಲನ್ನೂ ಇಟ್ಟಿದ್ದರು. ಇನ್ನೊಂದು ಕಾಲು ಇಡುವಷ್ಟರಲ್ಲಿ ಕನ್ನಡ ಸಂಘದ ಅಧ್ಯಕ್ಷರಾದ ಚೆನ್ನಯನವರು ಬಾಗಿಲಲ್ಲಿ ನಿಂತಿದ್ದರು. ಜೊತೆಗೆ ಒಂದು ಹೂಗುಚ್ಛ.

ಚೆನ್ನಯನವರು ಹೋಟೆಲು ನಡೆಸಿ ನೆಲೆ ಕಂಡವರು. ಮೈಕು ಇಲ್ಲದಾಗಲೂ ಮೈಕಿನ ಮುಂದಿರುವಂತೆಯೇ ಮಾತಾಡುತ್ತಿದ್ದರು.

"ನೋಡಿ ತಿರುಮಲೇಶರೇ, ನಮ್ಮವರು ಈ ಊರಲ್ಲಿ ಹೋಟೆಲು ಮಾಡಿದ್ದಾರೆ, ಶಾಲೆ ಮಾಡಿದ್ದಾರೆ, ಎಲ್ಲ ಮಾಡಿದ್ದಾರೆ. ವಿಮಾನ ಮಾಡಿದವರು ನಮ್ಮ ಸಂಘದಲ್ಲಿ ಇರಲಿಲ್ಲ ಮಾರಾಯ್ರೆ! ಇನ್ನು ಉಂಟು!"

"ಸರ್, ನಿಜ ಹೇಳಬೇಕಂದ್ರೆ ಅದು ತುಂಬ ಚಿಕ್ಕ ವಿಮಾನ—"

"ಇದು! ಇದನ್ನೇ ನಾನು ಹೇಳುವುದು! ದೊಡ್ಡವರ ಗುಣ ಇದು! ಬೇರೆಯವರು ಸ್ಕೂಟರ್ ತೆಗೊಂಡ್ರೆ ಪೇಪರಿಗೆ ಹಾಕ್ತಾರೆ. ನೀವು ವಿಮಾನ ತೆಗೊಂಡು ಚಿಕ್ಕದು ಅಂತೀರಿ!"

"ಅಲ್ಲ ಸರ್, ಅದು ರಿಮೋಟ್—"

"ರಿಮೋಟು! ಪೈಲಟ್ ಕೂಡ ಬೇಡ್ವಾ? ಎಂತ ಟೆಕ್ನಾಲಜಿ ಮಾರಾಯ್ರೆ!" ಎಂದು ಚೆನ್ನಯನವರು ಹೂಗುಚ್ಛವನ್ನು ತಿರುಮಲೇಶರ ಎದೆಗೆ ಒತ್ತಿದರು. "ಬರುವ ತಿಂಗಳು ಸಂಘದಿಂದ ನಿಮಗೆ ಸನ್ಮಾನ. 'ಯುವ ಉದ್ಯಮಿ ತಿರುಮಲೇಶ್' ಅಂತ ಬ್ಯಾನರಿಗೆ ಹೇಳಿ ಆಯ್ತು."

ಇಲ್ಲಿ ಒಂದು ಮಾತು ಹೇಳಬೇಕು. ತಿರುಮಲೇಶರು ಸುಳ್ಳುಗಾರರಲ್ಲ. ಆದರೆ ಅವರನ್ನು ಯಾರೂ ಅದುವರೆಗೆ ಉದ್ಯಮಿ ಎಂದಿರಲಿಲ್ಲ. ಯುವ ಎಂದಂತೂ ಮದುವೆಯ ಆಮಂತ್ರಣದಲ್ಲೂ ಹಾಕಿರಲಿಲ್ಲ. ಎರಡು ಪದ ಒಟ್ಟಿಗೆ ಬಂದಾಗ ಅವರಿಗೆ ಒಳಗೆಲ್ಲೋ ಬೆಚ್ಚಗಾಯಿತು. "ಆಟದ" ಎಂಬ ಮೂರಕ್ಷರ ನಾಲಿಗೆಯ ತುದಿಯವರೆಗೆ ಬಂದು, ಸುತ್ತ ನೋಡಿ, ಒಳಗೆ ಹಿಂದಿರುಗಿತು.

"ನಿಮ್ಮ ದಯೆ," ಎಂದರು ತಿರುಮಲೇಶರು.

ಅಡುಗೆಮನೆಯಲ್ಲಿ ವಿಮಲಾ ಒಂದು ಪಾತ್ರೆಯನ್ನು ಕೆಳಗಿಟ್ಟರು. ಇಡುವ ರೀತಿಯಲ್ಲಿ ಇಡಲಿಲ್ಲ.

ಆಮೇಲಿನ ದಿನಗಳು ಸೊಗಸಾಗಿಯೇ ಕಳೆದವು. ವಾಚ್‌ಮನ್ ಎದ್ದು ಸಲಾಮು ಹೊಡೆಯತೊಡಗಿದ. ಧಾರವಾಡದಿಂದ ದೂರದ ನೆಂಟರೊಬ್ಬರು ಫೋನು ಮಾಡಿ, ಮಗಳ ಮದುವೆಗೆ ಬೀಗರನ್ನು ಕರೆತರಲು ಒಂದು ಟ್ರಿಪ್ಪು ಸಾಧ್ಯವೇ ಎಂದು ಕೇಳಿದರು. ಸೊಸೈಟಿಯ ಜನರಲ್ ಬಾಡಿ ಸಭೆಯಲ್ಲಿ ವಿಮಾನಕ್ಕೆ ಪಾರ್ಕಿಂಗ್ ಕೊಡಬಾರದೆಂದು ಒಮ್ಮತದ ನಿರ್ಣಯವಾಯಿತು. ನಿರ್ಣಯದ ಪರವಾಗಿ ಕೈಯೆತ್ತಿದವರಲ್ಲಿ ತಿರುಮಲೇಶರೂ ಇದ್ದರು. ಅವರ ದೊಡ್ಡ ಮನಸ್ಸನ್ನು ಸಭೆ ಮೆಚ್ಚಿಕೊಂಡಿತು.

ಸೊಗಸು ಕೆಟ್ಟಿದ್ದು ಮತ್ತೆ ಬಾಲ್ಕನಿಯಲ್ಲೇ. ರಾಚವ್ವ ಒಣಗಿದ ಸಂಡಿಗೆ ಎತ್ತಿಡುತ್ತ ಮೆಲ್ಲಗೆ ಕೇಳಿದರು:

"ತಮ್ಮಾ, ಒಂದ ಮಾತ. ಸಂಗ್ಯಾಗ ಹೇಳಬ್ಯಾಡ, ನಗತಾನ. ನಾ ಈ ಮನಿಗೆ ಬಂದಾಗಿಂದ ಇವು ವಿಮಾನ ನನ್ನ ತಲಿ ಮ್ಯಾಲೆ ಹೊಂಟಾವು. ಅದರಾಗಿನ ಮಂದಿ ದಿನಾ ನನ್ನ ಸಂಡಿಗಿ ನೋಡತಾರ. ನಾ ಒಂದಸಲನೂ ಮ್ಯಾಲಿಂದ ಕೆಳಗ ನೋಡಿಲ್ಲ. ನಿನ್ನ ವಿಮಾನದಾಗ ಒಂದ ಸುತ್ತ ನನ್ನ ಕೂಡಸ್ಕೊಂಡ ಹೊಕ್ಕೀಯೇನೋ?"

ನಿಜ ಹೇಳಲು ಇದೇ ಸಮಯವೆಂದು ತಿರುಮಲೇಶರಿಗೆ ಗೊತ್ತಿತ್ತು. ರಾಚವ್ವನ ಕಣ್ಣು ನೋಡಿದರು. "ಆಗಲಿ ಅಜ್ಜಿ," ಎಂದರು. ಒಳಗೆ ಬಂದು ನೀರು ಕುಡಿದರು. ಇನ್ನೊಂದು ಲೋಟ ಕುಡಿದರು.

ಇಷ್ಟೆಲ್ಲ ಆದರೂ ವಿಮಾನ ಮಾತ್ರ ಇನ್ನೂ ಕೊಂಡಿರಲಿಲ್ಲ. ಆಫೀಸಿನ ಡಿಸೈನ್ ವಿಭಾಗದಲ್ಲಿ ಸ್ನೇಹಲ್ ಎಂಬ ಬೆಳಗಾವಿ ಕಡೆಯ ಹುಡುಗಿಯಿದ್ದಳು. ಕಾಲೇಜಿನ ದಿನಗಳಿಂದ ಇಂಥ ವಿಮಾನ ಹಾರಿಸುತ್ತಿದ್ದವಳು. ಇಡೀ ಮುಂಬಯಿಯಲ್ಲಿ ತಿರುಮಲೇಶರ ವಿಮಾನದ ನಿಜವಾದ ಅಳತೆ ಗೊತ್ತಿದ್ದವರು ಅವರ ಹೆಂಡತಿಯನ್ನು ಬಿಟ್ಟರೆ ಅವಳೊಬ್ಬಳೇ. ಅವಳು ಅವರನ್ನು ಬೈಕುಲ್ಲಾದ ಒಂದು ಗಲ್ಲಿಯೊಳಗಿನ ಅಂಗಡಿಗೆ ಕರೆದುಕೊಂಡು ಹೋದಳು. ಎರಡು ಸೈಕಲ್ ರಿಪೇರಿ ಅಂಗಡಿಗಳ ನಡುವೆ ಸಿಕ್ಕಿಕೊಂಡಿದ್ದ ಆ ಅಂಗಡಿಯ ಸೂರಿನಿಂದ ನೂರಾರು ಪುಟ್ಟ ವಿಮಾನಗಳು ನೇತಾಡುತ್ತಿದ್ದವು. ತಿರುಮಲೇಶರು ತಲೆಯೆತ್ತಿ ನಿಂತವರು ತಲೆ ಇಳಿಸಲಿಲ್ಲ.

"ಸರ್, ಇದು ತಗೋರಿ," ಎಂದು ಸ್ನೇಹಲ್ ಒಂದು ಡಬ್ಬಿ ತೋರಿಸಿದಳು.

ಒಳಗಿದ್ದದ್ದು ವಿಮಾನವೆಂದು ಮೊದಲು ನಂಬಿಕೆ ಬರಲಿಲ್ಲ. ಟಿವಿಯ ಪೆಟ್ಟಿಗೆಯೊಳಗೆ ಬರುವ ಥರ್ಮಾಕೋಲಿನಿಂದ ಯಾರೋ ಬಿಡುವಿನ ವೇಳೆಯಲ್ಲಿ ಕತ್ತರಿಸಿದಂತಿತ್ತು. ದಪ್ಪ ರೆಕ್ಕೆ ಬೆನ್ನಿನ ಮೇಲೆ ಹಲಗೆಯ ಹಾಗೆ ಕೂತಿತ್ತು. ಬಣ್ಣ ಬಿಳಿ.

"ಫರ್ಸ್ಟ್ ಪ್ಲೇನ್ ಹಿಂಗ ಇರಬೇಕ್ರಿ ಸರ್. ರೆಕ್ಕಿ ಮ್ಯಾಲ ಇದ್ರ ತಾನ ಬ್ಯಾಲೆನ್ಸ್ ಮಾಡ್ಕೋತದ. ಸಾವಕಾಶ ಹಾರತದ, ನಿಮಗ ವಿಚಾರ ಮಾಡಾಕ ಟೈಮ್ ಸಿಗತದ. ಪಂಖಾ ಹಿಂದ ಅದ, ಬಿದ್ರೂ ಮುರಿಯಂಗಿಲ್ಲ. ಮತ್ತ ಬೀಳೂದು ಪಕ್ಕಾ ಅದ. ಮುರದ್ರ ಗೋಂದ್ ಹಚ್ಚೂದು, ಮತ್ತ ಹಾರಸೂದು."

ತಿರುಮಲೇಶರು ತಮ್ಮ ಸನ್ಮಾನವನ್ನು ನೆನೆದರು. ಚೆನ್ನಯನವರು, ಬ್ಯಾನರು, ಯುವ ಉದ್ಯಮಿ, ಕೈಯಲ್ಲಿ ಥರ್ಮಾಕೋಲು. ಅವರ ಕಣ್ಣು ಸೂರಿನ ಒಂದು ಮೂಲೆಗೆ ಹೋಯಿತು. ಅಲ್ಲಿ ಬೆಳ್ಳಿಬಣ್ಣದ ಯುದ್ಧವಿಮಾನವೊಂದು ತೂಗುತ್ತಿತ್ತು. ಚೂಪು ಮೂಗು, ಮೂಗಿನ ಕೆಳಗೆ ಬಿಡಿಸಿದ ಕೆಂಪು ಬಾಯಿ, ಬಾಯಿಯಲ್ಲಿ ಸಾಲು ಹಲ್ಲು.

"ಅದು?"

"ಸರ್, ಅದು ಬ್ಯಾಡ. ಅದು ಭಾಳ ಜೋರ ಹೋಗತದ, ಮತ್ತ ನಿಮ್ಮ ಮಾತ ಕೇಳಂಗಿಲ್ಲ."

ಅಂಗಡಿಯ ಮಾಲೀಕ ಕಾಕಾ ಗಲ್ಲಾದಿಂದ ಕತ್ತೆತ್ತಿ ನೋಡಿದರು. "ಲೇಲೋ ಸಾಬ್. ಸಬ್ ನಯೇ ಲೋಗ್ ಯಹೀ ಲೇತೇ ಹೈಂ."

"ದೇಖಾ? ಹೊಸಬರೆಲ್ಲ ಇದನ್ನೇ ತಗೋತಾರಂತೆ!" ಎಂದರು ತಿರುಮಲೇಶರು ಸ್ನೇಹಲಳ ಕಡೆ ತಿರುಗಿ. ಜನ್ಮದಲ್ಲಿ ಮೊದಲ ಸಲ ಬೇರೆ ಅಂಗಡಿಯಲ್ಲಿ ವಿಚಾರಿಸದೆ ಒಂದು ವಸ್ತುವನ್ನು ಕೊಂಡುಬಿಟ್ಟರು. ಅದೂ ಹಲ್ಲಿರುವ ವಸ್ತು.

ಊರೊಳಗೆ ಹಾರಿಸುವಂತಿಲ್ಲ, ಏರ್‌ಪೋರ್ಟು ಪಕ್ಕದಲ್ಲೇ ಇದೆ, ಪೊಲೀಸರು ಸುಮ್ಮನಿರುವುದಿಲ್ಲ ಎಂದು ಸ್ನೇಹಲ್ ಮೊದಲೇ ಹೇಳಿದ್ದಳು. ಅವಳೂ ಅವಳ ಗೆಳೆಯರೂ ಬದಲಾಪುರದಿಂದಾಚೆ ಒಬ್ಬರ ಖಾಲಿ ಗದ್ದೆಯಲ್ಲಿ ಅನುಮತಿ ಕೇಳಿ ಹಾರಿಸುತ್ತಿದ್ದರು. ತಿರುಮಲೇಶರು ಈ ವಿಷಯವನ್ನು ಚೆನ್ನಯನವರ ಕಿವಿಗೆ ಹಾಕಿದ್ದು ಸನ್ಮಾನ ತಪ್ಪಿಸಿಕೊಳ್ಳಲೆಂದು.

"ವಿಮಾನವನ್ನ ಸಭಾಂಗಣಕ್ಕೆ ತರೋದು ಕಷ್ಟ ಸರ್. ಅದು ಹಾರೋದು ಬದಲಾಪುರದ ಆಚೆ."

"ಹಾಗಾದ್ರೆ ಸನ್ಮಾನ ಅಲ್ಲಿಯೇ!" ಎಂದರು ಚೆನ್ನಯನವರು. "ಬಸ್ಸು ಮಾಡುವ. ತಿಂಡಿ ನನ್ನ ಹೋಟೆಲಿನದ್ದು."

ಹೀಗೆ ಒಂದು ಭಾನುವಾರ ಬೆಳಿಗ್ಗೆ ಘಾಟ್ಕೋಪರಿನಿಂದ ಒಂದು ಬಸ್ಸು ತುಂಬ ಜನ ತಿರುಮಲೇಶರ ವಿಮಾನ ನೋಡಲು ಹೊರಟರು. ಸಂಘದವರು ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು. ಪರಾಂಜಪೆ ಸೊಸೈಟಿಯ ಪರವಾಗಿ ವೀಕ್ಷಕರಾಗಿ ಬಂದಿದ್ದರು. ರಾಚವ್ವ ಕೆಂಪು ಇಳಕಲ್ ಸೀರೆಯುಟ್ಟು, ವಿಮಾನದಲ್ಲಿ ಹಸಿವಾದರೆ ಎಂದು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಬಸ್ಸಿನಲ್ಲಿ ಜಾಗವಿಲ್ಲದೆ ತಿರುಮಲೇಶರು ಒಂದು ಉದ್ದ ಡಬ್ಬಿಯನ್ನು ಸಂಗಪ್ಪನ ತೊಡೆಯ ಮೇಲಿಟ್ಟು, "ಸ್ವಲ್ಪ ಜೋಪಾನ," ಎಂದಿದ್ದರು. ವಿಮಲಾ ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೇ ನೋಡುತ್ತಿದ್ದರು.

"ಹೇಳ್ಬಿಡಿ," ಎಂದರು ಒಮ್ಮೆ, ಕಲ್ಯಾಣ ದಾಟುವಾಗ.

"ಅಲ್ಲಿ ಹೋದ್ಮೇಲೆ ಹೇಳ್ತೀನಿ," ಎಂದರು ತಿರುಮಲೇಶರು.

ಗದ್ದೆ ಕುಯಿಲು ಮುಗಿದು ಬೋಳಾಗಿತ್ತು. ದೂರದಲ್ಲಿ ಗುಡ್ಡಗಳು, ಒಂದು ಮಾವಿನಮರ, ಮರದ ಕೆಳಗೆ ಸ್ನೇಹಲಳ ಕಾರು. ಚೆನ್ನಯನವರ ಹುಡುಗರು ಎರಡು ಬಿದಿರುಗಳ ನಡುವೆ ಬ್ಯಾನರು ಕಟ್ಟಿದರು. ಜನ ಇಳಿದು ನಾಲ್ಕೂ ದಿಕ್ಕಿಗೆ ನೋಡಿದರು.

"ಎಲ್ಲುಂಟು ಮಾರಾಯ್ರೆ ವಿಮಾನ?" ಎಂದರು ಚೆನ್ನಯನವರು.

ತಿರುಮಲೇಶರು ಸಂಗಪ್ಪನ ಕೈಯಿಂದ ಡಬ್ಬಿ ತೆಗೆದುಕೊಂಡರು. ಅಂಟುಪಟ್ಟಿ ಸುಲಿಯುವ ಸದ್ದು ಆ ಬಯಲಲ್ಲಿ ಬಹಳ ದೊಡ್ಡದಾಗಿ ಕೇಳಿಸಿತು. ಒಳಗಿಂದ ಮೊದಲು ಒಂದು ರೆಕ್ಕೆ ಬಂತು, ಆಮೇಲೆ ಇನ್ನೊಂದು. ಕೊನೆಗೆ ಹಲ್ಲು ಕಿರಿದುಕೊಂಡು ಮುಖ ಬಂತು. ಎಲ್ಲ ಜೋಡಿಸಿದಾಗ ಅದು ಒಂದು ದೊಡ್ಡ ಕುಂಬಳಕಾಯಿಯನ್ನು ಹೊರಲೂ ಲಾಯಕ್ಕಿಲ್ಲದಷ್ಟಾಯಿತು.

ಮೊದಲು ಬಾಯಿಬಿಟ್ಟವರು ಸಂಗಪ್ಪ.

"ನಾ ವಿಮಾನದಾಗ ಕೂಡತೀನಿ ಅಂತ ಬಂದ್ರ, ವಿಮಾನನ ನನ್ನ ತೊಡಿ ಮ್ಯಾಲ ಕೂತ ಬಂತಲ್ರಿ!"

"ಯೇ? ಯೇ ವಿಮಾನ?" ಎಂದು ಪರಾಂಜಪೆ ಎರಡು ಹೆಜ್ಜೆ ಮುಂದೆ ಬಂದರು. "ಇಸ್ ಕೇ ಲಿಯೇ ಮೈನೇ ಜನರಲ್ ಬಾಡಿ ಬುಲಾಯಾ?"

ಚೆನ್ನಯನವರು ಒಮ್ಮೆ ಬ್ಯಾನರಿನ ಕಡೆ, ಒಮ್ಮೆ ವಿಮಾನದ ಕಡೆ ನೋಡಿದರು. "ಇದು ಸ್ಯಾಂಪಲ್ ಅಲ್ವಾ?" ಎಂದು ಆಸೆಯಿಂದ ಕೇಳಿದರು.

ಆಗಲೂ ಒಂದು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಮಾನ ಹೋಗುವ ಹೊತ್ತಿನಲ್ಲಿ ಮನುಷ್ಯನಿಗೆ ಬೇಡದ ಧೈರ್ಯ ಬರುತ್ತದೆ. ಇದು ಹಾರುವುದನ್ನು ನೋಡಿದರೆ ಇವರೆಲ್ಲ ತಣ್ಣಗಾಗುತ್ತಾರೆಂದು ತಿರುಮಲೇಶರಿಗೆ ತೋರಿತು. "ಸ್ನೇಹಲ್, ಎಸೆ," ಎಂದರು.

"ಸರ್, ಮೊದಲ ನಂದು ಕಲಿಯೂ ವಿಮಾನ, ಟ್ರೇನರ್, ಹಾರಸ್ರಿ. ಪ್ಲೀಸ್."

"ನಾನು ವಿಡಿಯೋ ನೋಡಿದ್ದೀನಮ್ಮ. ಎಸೆ."

ಸ್ನೇಹಲ್ ಮೊದಲು ಜನರನ್ನೆಲ್ಲ ಕಾರಿನ ಹಿಂದಕ್ಕೆ ಕಳಿಸಿದಳು. ಆಮೇಲೆ ದೇವರ ಹೆಸರು ಹೇಳಿದಳೋ ಇನ್ನೇನು ಹೇಳಿದಳೋ, ವಿಮಾನವನ್ನು ಗಾಳಿಗೆದುರಾಗಿ ಎಸೆದಳು.

ಅದು ಎದ್ದಿತು! ಕಿರುಚುತ್ತ, ಹೊಳೆಯುತ್ತ, ಮಾವಿನಮರಕ್ಕಿಂತ ಮೇಲೆ ಎದ್ದಿತು. ಜನ "ಓ" ಎಂದರು. ಚೆನ್ನಯನವರು ಚಪ್ಪಾಳೆಗೆ ಕೈ ಎತ್ತಿದರು. ಕೆಲವು ಕ್ಷಣ ತಿರುಮಲೇಶರು ನಿಜಕ್ಕೂ ಯುವ ಉದ್ಯಮಿಯಾಗಿದ್ದರು. ಆಮೇಲೆ ಅದು ದೂರ ಹೋಗಿ ತಿರುಗಿ ಇವರತ್ತಲೇ ಬರತೊಡಗಿತು. ವಿಮಾನ ನಮ್ಮ ಕಡೆ ಮುಖ ಮಾಡಿದಾಗ ಅದರ ಎಡ ನಮಗೆ ಬಲವಾಗುತ್ತದೆ. ಇದು ವಿಡಿಯೋದಲ್ಲಿ ಇತ್ತು. ಆದರೆ ಆ ಭಾಗ ಬಂದಾಗ ತಿರುಮಲೇಶರು ಕಾಫಿ ತರಲು ಎದ್ದುಹೋಗಿದ್ದರು. ಅವರು ಅದನ್ನು ಮರದಿಂದ ದೂರ ತಳ್ಳಿದಷ್ಟೂ ಅದು ಮರಕ್ಕೆ ಹತ್ತಿರವಾಯಿತು. ಗಾಬರಿಯಿಂದ ಇನ್ನೂ ಜೋರಾಗಿ ತಳ್ಳಿದರು.

"ಸರ್, ಉಲ್ಟಾ! ಉಲ್ಟಾ!" ಎಂದು ಸ್ನೇಹಲ್ ಕೂಗಿದಳು.

ತಿರುಮಲೇಶರು ರಿಮೋಟನ್ನೇ ಉಲ್ಟಾ ಹಿಡಿದರು.

ಯುದ್ಧವಿಮಾನ ಬ್ಯಾನರಿನ ನಡುವೆ, "ಯುವ" ಮತ್ತು "ಉದ್ಯಮಿ" ಎಂಬ ಪದಗಳ ಮಧ್ಯದಿಂದ ನುಗ್ಗಿ, ಆಚೆ ಬದಿಯ ಗಟ್ಟಿ ನೆಲಕ್ಕೆ ಮೂಗು ಕೊಟ್ಟಿತು. ಒಂದು ರೆಕ್ಕೆ ತಾನು ಬೇರೆಯೇ ಆಗಿ ಸ್ವಲ್ಪ ದೂರ ಉರುಳಿಕೊಂಡು ಹೋಗಿ ಮಲಗಿತು.

ಈಗ ಹೇಳುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ತಿರುಮಲೇಶರು ಜನರ ಮುಂದೆ ಬಂದು ನಿಂತರು.

"ನನ್ನ ವಿಮಾನ ಇಷ್ಟೇ," ಎಂದರು. "ಮೊದಲಿಂದಲೂ ಇಷ್ಟೇ. ಮೊದಲ ದಿನ ನಿಮಗೆ ತಪ್ಪು ತಿಳೀತು, ಅದು ನನ್ನ ತಪ್ಪಲ್ಲ. ಆಮೇಲೆ ನನಗೆ ಗೊತ್ತಾಯ್ತು. ಗೊತ್ತಾದ್ಮೇಲೂ ಸುಮ್ಮನಿದ್ದೆ. ನೀವೆಲ್ಲ ಮರ್ಯಾದೆ ಕೊಟ್ರಲ್ಲ, ಅದು ಚೆನ್ನಾಗಿತ್ತು." ರಾಚವ್ವನ ಕಡೆ ತಿರುಗಿದಾಗ ಅವರ ದನಿ ಇಳಿಯಿತು. "ಅಜ್ಜಿ, ನಿಮಗೆ ಮಾತು ಕೊಡಬಾರದಿತ್ತು."

ರಾಚವ್ವ ರೊಟ್ಟಿಯ ಗಂಟನ್ನು ಎದೆಗವಚಿಕೊಂಡು ನಿಂತಿದ್ದರು. ಮುರಿದ ವಿಮಾನವನ್ನು ನೋಡಿದರು. "ಇದರಾಗ ಮೊದಲಾದ್ರೂ ನಾ ಎಲ್ಲಿ ಕೂಡತಿದ್ದೆಪಾ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಿರುಮಲೇಶರಿಗೆ ಸಲೀಸಾಗುತ್ತಿತ್ತು. ಅವರು ಬ್ಯಾನರಿನ ಆಚೆಗೆ ನಡೆದು, ತುಂಡುಗಳನ್ನು ಒಂದೊಂದಾಗಿ ಆಯತೊಡಗಿದರು.

ಜನ ಗುಸುಗುಸು ಮಾಡುತ್ತ ಬಸ್ಸಿನತ್ತ ಹೊರಡುವುದರಲ್ಲಿದ್ದರು. ಆಗ ಸ್ನೇಹಲ್ ಕಾರಿನಿಂದ ತನ್ನ ವಿಮಾನ ತೆಗೆದಳು. ಅದೇ ಥರ್ಮಾಕೋಲಿನದ್ದು. ಮೈಮೇಲೆಲ್ಲ ಗೋಂದು ಹಚ್ಚಿದ ಗಾಯಗಳು. ಅದರ ಮೂಗಿನ ತುದಿಯಲ್ಲಿ ಬೆರಳುಗುರಿನಷ್ಟು ಒಂದು ಕ್ಯಾಮೆರಾ ಇತ್ತು. ಜೊತೆಗೆ ಅವಳ ಕೈಯಲ್ಲಿ ಈಜುವವರು ಹಾಕಿಕೊಳ್ಳುವಂಥ ದಪ್ಪ ಕಪ್ಪು ಕನ್ನಡಕವಿತ್ತು.

"ಆಜಿ, ಇದು ಹಾಕ್ಕೋರಿ," ಎಂದಳು. "ವಿಮಾನಕ್ಕ ಏನು ಕಾಣತದ, ಅದು ನಿಮಗ ಕಾಣತದ."

ರಾಚವ್ವನನ್ನು ಒಂದು ಕುರ್ಚಿಯ ಮೇಲೆ ಕೂರಿಸಿದರು. ಕನ್ನಡಕ ಹಾಕಿದರು. ಸ್ನೇಹಲ್ ಹಗುರಾಗಿ ತಳ್ಳಿದ ವಿಮಾನ ಅವಸರವಿಲ್ಲದೆ, ಹೊಟ್ಟೆತುಂಬ ಉಂಡ ಕೊಕ್ಕರೆಯ ಹಾಗೆ ಮೇಲೆದ್ದಿತು. ಕುರ್ಚಿಯಲ್ಲಿ ಕೂತ ರಾಚವ್ವ "ಅಯ್ಯಯ್ಯ!" ಎಂದು ಪಕ್ಕದಲ್ಲಿದ್ದ ಪರಾಂಜಪೆಯವರ ತೋಳನ್ನು ಗಬಕ್ಕನೆ ಹಿಡಿದರು. ಪರಾಂಜಪೆ ಬಿಡಿಸಿಕೊಳ್ಳಲು ನೋಡಿ ಸೋತರು.

"ಗಿಡ ಕೆಳಗ ಹ್ವಾತು! ಗುಡ್ಡ ಬಂತು! ಸಾವಕಾಶ ನಡಸ ಮಗಳ... ಬಸ್ ಕಾಣತದ, ಬೆಂಕಿಪಟ್ಟಣದಷ್ಟ ಆಗೇದ! ಮಂದಿ ನೋಡ, ಇರವಿ ಆಗ್ಯಾರ!" ವಿಮಾನ ತಿರುಗಿ ಅವರೆಲ್ಲರ ಮೇಲೆ ಬಂತು. "ಅಲ್ಲಿ ಕೆಂಪ ಸೀರಿ ಉಟಗೊಂಡ ಒಂದ ಮುದುಕಿ ಕುಂತದ. ಯಾರದು?"

"ಅದು ನೀನ ಬೇ!" ಎಂದರು ಸಂಗಪ್ಪ.

ರಾಚವ್ವ ಮೆಲ್ಲಗೆ ಒಂದು ಕೈ ಎತ್ತಿ ಬೀಸಿದರು. ಆಕಾಶದಿಂದ ನೋಡುತ್ತಿದ್ದ ರಾಚವ್ವನಿಗೆ ನೆಲದ ಮೇಲಿನ ರಾಚವ್ವ ಕೈ ಬೀಸಿದ್ದು ಕಂಡಿತು. ಹಲ್ಲಿಲ್ಲದ ಬಾಯಿ ಅಗಲವಾಯಿತು.

"ಸಂಗ್ಯಾ," ಎಂದರು ಸ್ವಲ್ಪ ಹೊತ್ತಿಗೆ, "ನಿನ್ನ ನೆತ್ತಿ ಪೂರಾ ಬೋಳ ಆಗೇದಲ್ಲೋ. ಕೆಳಗಿಂದ ಗೊತ್ತ ಆಗಿರಲಿಲ್ಲ."

ಗದ್ದೆಯ ತುಂಬ ನಗು ಎದ್ದಿತು. ಆಮೇಲೆ ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಎರಡನೆಯ ಪಾಳಿಗಾಗಿ ಚೆನ್ನಯನವರಿಗೂ ಪರಾಂಜಪೆಯವರಿಗೂ ಸಣ್ಣ ಜಗಳವೇ ಆಯಿತು. ಒಬ್ಬರು ಅಧ್ಯಕ್ಷರು, ಇನ್ನೊಬ್ಬರು ಸೆಕ್ರೆಟರಿ. ಕೊನೆಗೆ ಅಧ್ಯಕ್ಷರು ಗೆದ್ದು, ಆಕಾಶದಿಂದ ಬ್ಯಾನರಿನ ತೂತು ನೋಡಿ, "ಛೇ, ಎಷ್ಟು ಚಂದ ಬರೆಸಿದ್ದೆ ಮಾರಾಯ್ರೆ," ಎಂದು ಅಲ್ಲಿಂದಲೇ ಮರುಗಿದರು. ಪರಾಂಜಪೆ ತಮ್ಮ ಪಾಳಿ ಮುಗಿಸಿ ಕನ್ನಡಕ ತೆಗೆದಾಗ ಅವರ ಮುಖದಲ್ಲಿ ಮಂದಹಾಸದ ಹಾಗೆ ಕಾಣುವ ಏನೋ ಇತ್ತು. "ಟೆರೇಸ್ ಪರ್ ಫಿರ್ ಭೀ ನಹೀ," ಎಂದು ಅದನ್ನು ಒರೆಸಿಕೊಂಡರು.

ಮಾವಿನ ಮರದ ಕೆಳಗೆ ಚೆನ್ನಯನವರ ಹೋಟೆಲಿನ ಇಡ್ಲಿ, ರಾಚವ್ವನ ರೊಟ್ಟಿ ಎಲ್ಲ ಬಿಚ್ಚಿದ್ದಾಯಿತು. ಕಡೆಯ ಪಾಳಿ ವಿಮಲಾ ಅವರದು. ಕನ್ನಡಕ ಹಾಕಿಕೊಂಡು, ಗುಡ್ಡಗಳ ಕಡೆ ಮುಖ ಮಾಡಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ವಿಮಾನ ಒಂದು ಸುತ್ತು ಹಾಕಿತು. ಮರ ಬಂತು, ಎಲೆ ಹಿಡಿದು ಕೂತವರು ಬಂದರು, ಹರಿದ ಬ್ಯಾನರು ಬಂತು. ಅದರಾಚೆ ಖಾಲಿ ಗದ್ದೆಯ ನಡುವೆ ಒಬ್ಬ ಮನುಷ್ಯ, ಕಂಕುಳಲ್ಲಿ ಒಂದು ರೆಕ್ಕೆ ಸಿಕ್ಕಿಸಿಕೊಂಡು, ಬಗ್ಗಿ ಬಗ್ಗಿ ಏನನ್ನೋ ಆಯುತ್ತಿದ್ದ. ಮೇಲಿಂದ ಅವನು ತೀರ ಸಣ್ಣಗೆ ಕಾಣುತ್ತಿದ್ದ.

"ಇಲ್ಲೇ ಒಂದು ಸುತ್ತು ಹಾಕಮ್ಮ," ಎಂದರು ವಿಮಲಾ ಸ್ನೇಹಲಳಿಗೆ. ಆಮೇಲೆ ಗಂಡನಿಗೆ ಬೆನ್ನು ಕೊಟ್ಟೇ ಕೂತು, ಗುಡ್ಡಗಳಿಗೆ ಕೇಳುವಂತೆ ಕೂಗಿದರು:

"ರೀ! ಅಲ್ಲಿ ಒಬ್ಬರೇ ಯಾಕೆ ನಿಂತಿದ್ದೀರಿ? ಆ ಹಲ್ಲಿನ ಚೂರು ನಿಮ್ಮ ಬಲಗಾಲಿನ ಹಿಂದೇನೇ ಇದೆ. ಎತ್ಕೊಂಡು ಬನ್ನಿ, ರೊಟ್ಟಿ ಮುಗಿದುಹೋಗುತ್ತೆ!"

ತಿರುಮಲೇಶರು ಬೆಚ್ಚಿ ನೆಟ್ಟಗಾದರು. ಬಲಗಾಲಿನ ಹಿಂದೆ ನೋಡಿದರು. ಇತ್ತು. ಮರದ ಕೆಳಗೆ ನೋಡಿದರೆ ಹೆಂಡತಿಯ ಬೆನ್ನು ಕಾಣುತ್ತಿತ್ತು. ತಲೆಯ ಮೇಲೆ ಬಿಳಿಯ ವಿಮಾನ ನಿಧಾನವಾಗಿ ಸುತ್ತುತ್ತಿತ್ತು.

ಅವರು ಚೂರನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ಕತ್ತೆತ್ತಿ ಆಕಾಶಕ್ಕೆ ಹೇಳಿದರು:

"ಬಂದೆ ಕಣೇ."